ಎನ್‌ಕ್ರಿಪ್ಟ್ ಮಾಡಿದ ಮೇಲ್ ಹೋಗುತ್ತಿರಲಿಲ್ಲ, ಈಗ ಹೋಗುತ್ತಿದೆ

"ಪಿಜಿಪಿ ಹಿಡ್ಕೊಂಡು ಯಾಕೆ ಒದ್ದಾಡ್ತೀರಿ ಸಾರ್, ಜಿಪ್ ಮಾಡಿ ಪಾಸ್‌ವರ್ಡ್ ಫೋನಲ್ಲಿ ಹೇಳಿದ್ರೆ ಆಯ್ತಲ್ವಾ?" ಹೀಗೆ ಹೇಳದವರೇ ಇರಲಿಲ್ಲ. ಪಿಜಿಪಿ ಅಂದರೆ ಪಡೆಯುವವರ ಹೊರತು ಬೇರೆ ಯಾರೂ ಓದದಂತೆ ಮೇಲ್, ಫೈಲ್‌ಗಳಿಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಧಾನ. ಬೀಗ ಹಾಕಲು ಎಲ್ಲರಿಗೂ ಕೊಡುವ ಪಬ್ಲಿಕ್ ಕೀ, ತೆಗೆಯಲು ನಮ್ಮಲ್ಲೇ ಇರುವ ಗುಟ್ಟಿನ ಕೀ. ಮೈಸೂರಿನ ಒಂದು ಅನುವಾದದ ಆಫೀಸು, ಎಂಟ್ಹತ್ತು ಜನ. ಅವರ ಜರ್ಮನಿಯ ಗಿರಾಕಿ ಮಾತ್ರ ಪಿಜಿಪಿ ಇಲ್ಲದಿದ್ದರೆ ಫೈಲ್ ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ನನಗಿಂತ ಮೊದಲು ಬಂದವರು ಎಲ್ಲರ ಮೇಲನ್ನೂ ತಾನೇ ಎನ್‌ಕ್ರಿಪ್ಟ್ ಮಾಡಿ ಕಳಿಸುವ ಮೇಲ್ ಗೇಟ್‌ವೇ ಹಾಕಿಸಿ ಎಂದು ಅರವತ್ತು ಸಾವಿರದ ಹತ್ತಿರ ಕೊಟೇಶನ್ ಕೊಟ್ಟಿದ್ದರಂತೆ. ಇರುವ ಥಂಡರ್‌ಬರ್ಡ್ ಮೇಲ್ ಪ್ರೋಗ್ರಾಮಿನಲ್ಲೇ ಮಾಡಿಕೊಡುತ್ತೇನೆ ಎಂದಾಗ ಯಾರೂ ನಂಬಲಿಲ್ಲ.

ಮೊದಲ ತೊಂದರೆ ಹಳೆಯದು. ಅಲ್ಲಿನ ಹುಡುಗ ಕೀಗಳನ್ನು ನೋಡಿಕೊಳ್ಳುವ ಕ್ಲಿಯೋಪಾತ್ರಾ ಎಂಬ ಪ್ರೋಗ್ರಾಮಿನಲ್ಲಿ ಕೀ ಅವಧಿಯನ್ನು ಎರಡು ವರ್ಷ ಮುಂದಕ್ಕೆ ಹಾಕಿದ್ದ. ಥಂಡರ್‌ಬರ್ಡ್ ಮಾತ್ರ ಕೀ ಮುಗಿದಿದೆ ಅಂತಲೇ ಹೇಳುತ್ತಿತ್ತು. 2020ರಲ್ಲಿ 78ನೇ ಆವೃತ್ತಿ ಬಂದಾಗ ಪಿಜಿಪಿಗಾಗಿ ಇದ್ದ ಎನಿಗ್‌ಮೇಲ್ ಎಂಬ ಆಡ್-ಆನ್ ಹೋಯಿತಲ್ವಾ, ಆಗಿನಿಂದ ಥಂಡರ್‌ಬರ್ಡ್ ತನ್ನದೇ ಕೀರಿಂಗ್ (ಕೀಗಳ ಗೊಂಚಲು) ಇಟ್ಟುಕೊಂಡಿದೆ. ಕ್ಲಿಯೋಪಾತ್ರಾದ ಹಿಂದೆ ಕೆಲಸ ಮಾಡುವ ಜಿಪಿಜಿಯಲ್ಲಿ ನೀವು ಏನೇ ಮಾಡಿದರೂ ಅದಕ್ಕೆ ಗೊತ್ತಾಗಲ್ಲ. ಎಕ್ಸ್‌ಪೋರ್ಟ್ ಮಾಡಿ ಮತ್ತೆ ಇಂಪೋರ್ಟ್ ಮಾಡಲೇಬೇಕು.

ಇಂಪೋರ್ಟ್ ಮಾಡಿದೆವು. ಆಗಲೂ ಹೋಗಲಿಲ್ಲ. ಜಿಪಿಜಿಯ ಎಡಿಟ್-ಕೀ ಕಮಾಂಡ್ ತೆರೆದು ನೋಡಿದರೆ ಮುಖ್ಯ ಕೀ ಮಾತ್ರ ಮುಂದಕ್ಕೆ ಹೋಗಿತ್ತು, ಅದರಡಿ ಎನ್‌ಕ್ರಿಪ್ಟ್ ಮಾಡಲೆಂದೇ ಇರುವ ಸಬ್‌ಕೀ ಹಳೆಯ ತಾರೀಖಿನಲ್ಲೇ ಕೂತಿತ್ತು. 'ಕೀ 1' ಎಂದು ಆರಿಸಿ, ಆಮೇಲೆ 'ಎಕ್ಸ್‌ಪೈರ್' ಹೊಡೆದಾಗ ಸರಿಹೋಯಿತು. ಕಳಿಸುವವರ ಸ್ವಂತ ಕೀ ಮುಗಿದಿದ್ದರೂ ಥಂಡರ್‌ಬರ್ಡ್ ಮೇಲ್ ಬಿಡುವುದಿಲ್ಲ, ಯಾಕೆಂದರೆ ಅದು ನಮ್ಮ ಕೀಗೂ ಸೇರಿಸಿಯೇ ಎನ್‌ಕ್ರಿಪ್ಟ್ ಮಾಡುತ್ತದೆ. ಅಷ್ಟು ದಿನ ಆಫೀಸಿನವರು ಜರ್ಮನಿಯವರನ್ನೇ ಬೈಯುತ್ತಿದ್ದರು!

ತಲೆ ತಿಂದಿದ್ದು ಮೂಲೆಯ ಟೇಬಲ್ಲಿನ ಕಂಪ್ಯೂಟರ್. ಅಲ್ಲಿ ಬೆಳಿಗ್ಗೆ ಹೊಸ ಕೀ ಇಂಪೋರ್ಟ್ ಮಾಡಿದರೆ ಬಳಸಲು ಬರುತ್ತಿರಲಿಲ್ಲ. ಸಂಜೆ ಹೊತ್ತಿಗೆ ಯಾರೂ ಮುಟ್ಟದೆ ತಾನಾಗಿಯೇ ಸರಿಯಾಗುತ್ತಿತ್ತು. ಕೊನೆಗೆ ಗಡಿಯಾರ ನೋಡಿದೆ. ಅದರಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ಲಿನಕ್ಸ್ ಕಂಪ್ಯೂಟರಿನ ಒಳಗಡಿಯಾರದಲ್ಲಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬರೆದಿಟ್ಟು ಹೋಗುತ್ತಿತ್ತು, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದುಕೊಂಡು ಐದೂವರೆ ಗಂಟೆ ಹಿಂದೆ ಓಡುತ್ತಿತ್ತು. ಅದರ ಲೆಕ್ಕದಲ್ಲಿ ಆ ಕೀ ಇನ್ನೂ ಹುಟ್ಟಿಯೇ ಇರಲಿಲ್ಲ! ಲಿನಕ್ಸನ್ನೇ ಲೋಕಲ್ ಟೈಮ್‌ಗೆ ಹಾಕಿದೆ, ಮುಗಿಯಿತು. ಇದನ್ನು ಹಿಡಿದಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಯಾಕೆಂದರೆ ಬೇರೆ ಯಾರೂ ತಟ್ಟಲಿಲ್ಲ.

ನಡುವೆ ಸುಮ್ನೆ ಕುತೂಹಲಕ್ಕೆ ಆರ್‌ಎಸ್‌ಎ 4096 ಎಂಬ ಹಳೆಯ ಬಗೆಯ ಕೀ ಬಿಟ್ಟು ಇಡಿ25519 ಎಂಬ ಹೊಸ ಬಗೆಯದನ್ನು ಮಾಡಿ ನೋಡಿದೆ. ಮೊದಲನೆಯದರ ಪಬ್ಲಿಕ್ ಕೀ ಫೈಲ್ ಮೂರು ಕೆಬಿ ಆಸುಪಾಸು, ಎರಡನೆಯದು ಒಂದು ಕೆಬಿಗೂ ಕಡಿಮೆ. ಚೆನ್ನಾಗಿದೆ. ಆದರೆ ನಡೆಯುತ್ತಿರುವ ಕೀಗಳನ್ನು ಅದಕ್ಕೋಸ್ಕರ ಬದಲಿಸಲು ಹೋಗಲಿಲ್ಲ.

ಇನ್ನು ಹೊಸ ಕೀ ಜರ್ಮನಿಯವರಿಗೆ ತಲುಪಬೇಕಲ್ವಾ? ಪ್ರತಿ ಸಲ ಅಟ್ಯಾಚ್ ಮಾಡಿದರೆ ಯಾರೂ ತೆಗೆದು ನೋಡಲ್ಲ. ಆಫೀಸಿನ ಡೊಮೇನ್‌ನಲ್ಲೇ ಡಬ್ಲ್ಯುಕೆಡಿ ಹಾಕಿದೆ, ಅಂದರೆ ಮೇಲ್ ವಿಳಾಸ ಹಿಡಿದು ಅವರ ಪ್ರೋಗ್ರಾಮೇ ಆಫೀಸಿನ ಡೊಮೇನ್‌ನಿಂದ ಪಬ್ಲಿಕ್ ಕೀ ತೆಗೆದುಕೊಳ್ಳುವ ವ್ಯವಸ್ಥೆ. ಕೀ ಫೈಲ್ ಬೈನರಿಯಾಗಿರಬೇಕು, ಆರ್ಮರ್ ಮಾಡಿದ್ದನ್ನು (ಅಕ್ಷರಗಳ ರೂಪಕ್ಕೆ ತಿರುಗಿಸಿದ್ದನ್ನು) ಇಟ್ಟರೆ ಆಗಲ್ಲ. ಎಲ್ಲ ಸರಿಯಿದ್ದರೂ ಹುಡುಕಿದರೆ ಸಿಗಲಿಲ್ಲ. ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರುಗಳ ವಿಳಾಸಪಟ್ಟಿಯಲ್ಲಿ) ಯಾರೋ ವೈಲ್ಡ್‌ಕಾರ್ಡ್, ಅಂದರೆ ಇಲ್ಲದ ಸಬ್‌ಡೊಮೇನ್ ಕೇಳಿದರೂ ಇದೆ ಎನ್ನುವ ನಮೂದು, ಹಾಕಿಟ್ಟಿದ್ದರು. ಹಾಗಾಗಿ 'ಓಪನ್‌ಪಿಜಿಪಿಕೀ' ಎನ್ನುವ ಸಬ್‌ಡೊಮೇನ್ ಇದೆ ಎಂದುಕೊಂಡು ಕೀ ಹುಡುಕುವ ಪ್ರೋಗ್ರಾಮ್ ಅಲ್ಲಿಗೇ ಹೋಗುತ್ತಿತ್ತು, ಮುಖ್ಯ ಡೊಮೇನ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಹೆಸರಿಗೆ ಡಿಎನ್‌ಎಸ್‌ನಲ್ಲಿ ಒಂದು ಖಾಲಿ ಟಿಎಕ್ಸ್‌ಟಿ (ಬರೀ ಪಠ್ಯದ) ರೆಕಾರ್ಡ್ ಸೇರಿಸಿದೆ. ಆ ಹೆಸರಿಗೆ ಸ್ವಂತ ನಮೂದು ಬಂದಿದ್ದರಿಂದ ವೈಲ್ಡ್‌ಕಾರ್ಡ್ ಅದಕ್ಕೆ ತಾಗುವುದು ನಿಂತಿತು.

ಕೀ ಮುಗಿಯುವ ಮೊದಲೇ ಎಲ್ಲ ಕಂಪ್ಯೂಟರ್‌ಗಳಿಗೂ ಹೊಸದನ್ನು ತಲುಪಿಸುವ ಸ್ಕ್ರಿಪ್ಟ್ ಒಂದು ಬರೆದಿದ್ದೇನೆ. ಅದನ್ನು ಮಾತ್ರ ಇಲ್ಲಿ ಹಾಕಲ್ಲ, ಹೊಟ್ಟೆಪಾಡು ನೋಡಿ.

ಖರ್ಚಿನ ಮಾತಿಗೆ ಬಂದರೆ, ಸಾಫ್ಟ್‌ವೇರ್‌ಗೆ ಒಂದು ಪೈಸೆ ಇಲ್ಲ, ಹೋಸ್ಟಿಂಗ್ ಮೊದಲೇ ಇತ್ತು. ಕೀಗಳ ಬ್ಯಾಕಪ್‌ಗೆ ಎರಡು ಪೆನ್‌ಡ್ರೈವ್, ಸಾವಿರದೊಳಗೆ. ನನ್ನ ಕೂಲಿ ಹನ್ನೆರಡು ಸಾವಿರ ಚಿಲ್ಲರೆ. ಅರ್ಧ ಬಂದಿದೆ, ಉಳಿದಿದ್ದು ಜರ್ಮನಿಯಿಂದ ದುಡ್ಡು ಬಂದ ಮೇಲಂತೆ.