ದಾನದ ಖಾತೆಯಲ್ಲಿ ಹೆಂಡತಿಯ ಹೆಸರನ್ನು ಎಲ್ಲಿ ಬರೆದಿರಿ?

ಡಿಸೆಂಬರ್ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರ ನಡುವೆ ಡೋನರ್ ಅಡ್ವೈಸ್ಡ್ ಫಂಡ್, ಅಂದರೆ ದತ್ತಿ ಸಂಸ್ಥೆಯೊಂದರಲ್ಲಿ ದಾನಕ್ಕೆಂದೇ ತೆರೆಯುವ ಖಾತೆಯ ಮಾತು ಶುರುವಾಗುತ್ತದೆ. ದಾನದ ದುಡ್ಡನ್ನು ಈಗ ಖಾತೆಗೆ ಹಾಕಿ, ತೆರಿಗೆ ವಿನಾಯಿತಿಯನ್ನು ಈ ವರ್ಷವೇ ಪಡೆಯಬಹುದು. ಯಾರಿಗೆ ಕೊಡಬೇಕೆಂದು ಆಮೇಲೆ ನಿಧಾನವಾಗಿ ಯೋಚಿಸಬಹುದು. ಖಾತೆ ತೆರೆಯುವುದು ಸುಲಭ. ಆ ಆತುರದಲ್ಲೇ ಜನ ಎಡವುತ್ತಾರೆ.

ಹಂತ 1: ಸಂಸ್ಥೆ ಆರಿಸಿ. ಫಿಡೆಲಿಟಿ ಚಾರಿಟಬಲ್, ವ್ಯಾನ್‌ಗಾರ್ಡ್ ಚಾರಿಟಬಲ್, ನಿಮ್ಮೂರಿನ ಕಮ್ಯುನಿಟಿ ಫೌಂಡೇಶನ್, ಯಾವುದಾದರೂ ಸರಿ. ಶುಲ್ಕ ಮಾತ್ರ ನೋಡಿ. ವರ್ಷಕ್ಕೆ 0.6% ಅಥವಾ 100 ಡಾಲರ್, ಯಾವುದು ಜಾಸ್ತಿಯೋ ಅದು ಎಂಬ ಲೆಕ್ಕವಿದ್ದರೆ, 2,000 ಡಾಲರ್ ಇಟ್ಟವರಿಗೆ 5% ಹೋಯಿತು! ಅಷ್ಟು ಸಣ್ಣ ಮೊತ್ತಕ್ಕೆ ಈ ಉಸಾಬರಿಯೇ ಬೇಡ, ಸುಮ್ನೆ ಚೆಕ್ ಬರೆದುಕೊಡಿ.

ಹಂತ 2: ದುಡ್ಡು ಹಾಕಿ. ಬೆಲೆ ಏರಿದ ಷೇರು ನಿಮ್ಮ ಬಳಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದರೆ ಷೇರನ್ನೇ ವರ್ಗಾಯಿಸಿ. ಮೊದಲು ಮಾರಿದರೆ ಲಾಭದ ತೆರಿಗೆ ನಿಮ್ಮ ತಲೆಗೇ ಬರುತ್ತದೆ. ಹಾಕಿದ್ದು ವಾಪಸ್ ಬರುವುದಿಲ್ಲ. ಕಾನೂನಿನ ಪ್ರಕಾರ ಅದಿನ್ನು ಸಂಸ್ಥೆಯ ದುಡ್ಡು, ಅದನ್ನು ಯಾರಿಗೆ ಕೊಡಬೇಕೆಂದು ಸಲಹೆ ಕೊಡುವ ಹಕ್ಕಷ್ಟೇ ನಿಮಗೆ ಉಳಿಯುವುದು.

ಹಂತ 3: ಆ ಹಕ್ಕು ಯಾರ್‍ಯಾರಿಗೆ? ಈ ಪುಟವನ್ನು ‘ಆಮೇಲೆ ನೋಡೋಣ’ ಎಂದು ದಾಟಿಸುವವರೇ ಹೆಚ್ಚು. ಈ ಹಕ್ಕುಗಳ ಹೆಸರುಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತವೆ, ತಿರುಳು ಒಂದೇ. ಮುಖ್ಯ ಖಾತೆದಾರರು ಎಲ್ಲವನ್ನೂ ಮಾಡಬಹುದು. ಕೆಲವರಿಗೆ ದಾನ ಸೂಚಿಸುವ ಹಕ್ಕಷ್ಟೇ ಕೊಡಬಹುದು. ಇನ್ನು ಕೆಲವರಿಗೆ ನೋಡಲು ಮಾತ್ರ ಅನುಮತಿ. ಹೆಂಡತಿಯನ್ನು ಈ ಕೊನೆಯ ಸಾಲಿನಲ್ಲಿ ಕೂರಿಸಿದ ಗಂಡಂದಿರನ್ನು ನೋಡಿದ್ದೇನೆ. ಗಂಡ ಆಸ್ಪತ್ರೆ ಸೇರಿದಾಗ ಆಕೆ ಲಾಗಿನ್ ಆದರೆ ಖಾತೆಯಲ್ಲಿರುವ ಮೊತ್ತ ಕಾಣುತ್ತದೆ, ದಾನ ಕಳಿಸುವ ಬಟನ್ ಮಾತ್ರ ಇರುವುದಿಲ್ಲ. ಗಂಡ ಹೆಂಡತಿ ಜಂಟಿ ಖಾತೆದಾರರಾಗಿಯೇ ಇರಿ. ಕಾಲೇಜಿಗೆ ಹೋಗುವ ಮಕ್ಕಳಿಗೆ ಸೂಚಿಸುವ ಹಕ್ಕು ಸಾಕು. ಆಡಿಟರ್‌ಗೆ ನೋಡುವುದಷ್ಟೇ ಸಾಕು, ಅಲ್ವಾ?

ಪಾಸ್‌ವರ್ಡ್ ಹಂಚಿಕೊಳ್ಳುವ ಅಡ್ಡದಾರಿ ಬೇಡವೇ ಬೇಡ. ಯಾರು ಯಾವ ದಾನ ಸೂಚಿಸಿದರು ಎಂಬ ದಾಖಲೆಯೇ ಅದರಿಂದ ಕೆಡುತ್ತದೆ.

ಉತ್ತರಾಧಿಕಾರಿಯ ಜಾಗ ಇನ್ನೊಂದು. ಅದು ಇವತ್ತಿನ ಹಕ್ಕಲ್ಲ, ನಿಮ್ಮ ನಂತರದ್ದು. ಉಯಿಲಿನಲ್ಲಿ ಬರೆದಿದ್ದೇನೆ ಎಂದು ಸುಮ್ಮನಿರಬೇಡಿ. ದುಡ್ಡು ನಿಮ್ಮದಲ್ಲವಲ್ಲ, ಸಂಸ್ಥೆಯ ಫಾರ್ಮ್‌ನಲ್ಲೇ ಬರೆಯಬೇಕು. ಖಾಲಿ ಬಿಟ್ಟರೆ ಸಂಸ್ಥೆಯ ನಿಯಮದಂತೆ ನಡೆಯುತ್ತದೆ, ದುಡ್ಡು ಅದರ ಸಾಮಾನ್ಯ ನಿಧಿಗೂ ಸೇರಬಹುದು.

ಹಂತ 4: ದಾನ ಸೂಚಿಸಿ. ಕನ್ನಡ ಕೂಟ 501(ಸಿ)(3), ಅಂದರೆ ಅಮೆರಿಕದ ತೆರಿಗೆ ಕಾನೂನು ಒಪ್ಪುವ ದತ್ತಿ ಸಂಸ್ಥೆಯ ನೋಂದಣಿ ಪಡೆದಿದ್ದರೆ ಹೆಸರು ಹುಡುಕಿ ಕಳಿಸಿ. ವ್ಯಕ್ತಿಗಳಿಗೆ ಕೊಡುವಂತಿಲ್ಲ. ಕೂಟದ ಊಟದ ಟಿಕೆಟ್ಟಿಗೂ ಈ ದುಡ್ಡು ಬಳಸುವಂತಿಲ್ಲ. ಭಾರತದಲ್ಲಿರುವ ಊರಿನ ಶಾಲೆಗೆ ಕಳಿಸಬೇಕೆಂದರೆ ಗಿವ್2ಏಷ್ಯಾ ತರಹದ ಮಧ್ಯವರ್ತಿ ಸಂಸ್ಥೆಯ ಮೂಲಕ ಹೋಗುವುದು ವಾಸಿ. ದಾನ ಪಡೆದವರು ಕಳಿಸುವ ಧನ್ಯವಾದದ ಪತ್ರವನ್ನು ತೆರಿಗೆ ಫೈಲಿಗೆ ಸೇರಿಸಬೇಡಿ. ವಿನಾಯಿತಿ ಸಿಗುವುದು ಖಾತೆಗೆ ದುಡ್ಡು ಹಾಕಿದಾಗ, ಒಂದೇ ಸಲ.