ಬೇಸಿನ್ ಕಟ್ಟೆಯ ಕಡಪ ಕಲ್ಲಿಗೆ ಮತ್ತೆ ಕಪ್ಪು ಬಂತು

ನಮ್ಮ ಶಿರಸಿ ಮನೆಯ ಬಚ್ಚಲಲ್ಲಿ ಬೇಸಿನ್ ಕೂರಿಸಿದ ಕಟ್ಟೆ ಕಡಪ ಕಲ್ಲಿನದು. ಹಾಕಿಸಿದಾಗ ಕರ್ರಗೆ ಮಿಂಚುತ್ತಿತ್ತು. ಬರಬರುತ್ತ ಬೂದಿ ಬಣ್ಣಕ್ಕೆ ತಿರುಗಿತು. ಬೇಸಿನ್ ಸುತ್ತ ಬಿಳಿ ಕಲೆ, ನಡುವೆ ಗೀರು, ಮುಂದಿನ ಅಂಚಿನಲ್ಲಿ ಸಣ್ಣದೊಂದು ಚೂರು ಹಾರಿತ್ತು. ಕೇಳಿದವರದ್ದೆಲ್ಲ ಒಂದೇ ಮಾತು: "ಕಿತ್ತು ಗ್ರಾನೈಟ್ ಹಾಕ್ಸಿ ಮಾರಾಯ್ರೆ." ಕೀಳುವ ಅಗತ್ಯವೇ ಇರಲಿಲ್ಲ.

ಕಡಪ ಕಲ್ಲನ್ನು ಹಲವರು ಗ್ರಾನೈಟಿನ ಬಡ ತಮ್ಮ ಅಂದುಕೊಂಡಿದ್ದಾರೆ. ಅಲ್ಲ, ಅದು ಸುಣ್ಣದಕಲ್ಲು. ಹುಳಿ ತಾಗಿದಲ್ಲಿ ಅದರ ಮೇಲ್ಮೈ ಕರಗುತ್ತದೆ. ನಮ್ಮಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ಕೈಯ ಕರೆ ಹೋಗಲಿ ಅಂತ ಎಲ್ಲರೂ ಲಿಂಬೆ ಹೋಳು ಉಜ್ಜುವುದು ಇದೇ ಕಟ್ಟೆಯ ಮುಂದೆ. ಟಾಯ್ಲೆಟ್ ಕ್ಲೀನರಿನಲ್ಲಿ ಇರುವುದಂತೂ ಹೈಡ್ರೋಕ್ಲೋರಿಕ್ ಆಸಿಡ್. ಇನ್ನು ಗೀರು. ಈ ಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ ಸುಮಾರು 3, ಮರಳಿನದು 7. ತೋಟದ ಮಣ್ಣು ಮೆತ್ತಿದ ಕೈ ಊರಿದರೆ ಸಾಕು, ಗೀರು ಬಿತ್ತು.

ಕೆಲಸ ಹಿಡಿಯುವ ಮೊದಲು ಕಟ್ಟೆಯ ಮೇಲೆ ನೀರು ಸವರಿ ನೋಡಿ. ಒದ್ದೆಯಾದಾಗ ಹಳೇ ಕಪ್ಪು ಬಂದರೆ ಕಲ್ಲಿಗೆ ಏನೂ ಆಗಿಲ್ಲ, ಮೇಲ್ಮೈ ಮಾತ್ರ ಒರಟಾಗಿದೆ ಅಂತ ಅರ್ಥ. ಒರಟು ತೆಗೆದರೆ ಬಣ್ಣ ತಾನಾಗಿ ಬರುತ್ತದೆ.

ಇದಕ್ಕೆ ಬೇಕಾದದ್ದು ಗಾಡಿಗೆ ಪೇಂಟ್ ಹೊಡೆಯುವವರು ಬಳಸುವ ವಾಟರ್ ಪೇಪರ್, ಅಂದರೆ ನೀರು ಹಾಕಿ ತಿಕ್ಕುವ ಉಪ್ಪುಕಾಗದ. 220, 400, 600, 1000, 1500 ನಂಬರಿನವು ತಂದುಕೊಂಡೆ; ನಂಬರ್ ದೊಡ್ಡದಾದಷ್ಟು ಪೇಪರ್ ನಯ. ಗ್ರೈಂಡರ್ ಮುಟ್ಟಲಿಲ್ಲ. ಅದರ ವೇಗಕ್ಕೆ ಕಲ್ಲಿನಲ್ಲಿ ತಗ್ಗು ಬೀಳುತ್ತದೆ, ನೀರು ಚೆಲ್ಲಿದ ಜಾಗದಲ್ಲಿ ಕರೆಂಟು ಬೇರೆ. ಪೇಪರನ್ನು ಮರದ ತುಂಡಿಗೆ ಸುತ್ತಿ, ನೀರು ಹಾಕುತ್ತ, ಇಡೀ ಕಟ್ಟೆಯನ್ನು ತಿಕ್ಕಬೇಕು. ಗೀರು ಇದ್ದಲ್ಲಿ ಮಾತ್ರ ತಿಕ್ಕಿದರೆ ಆಮೇಲೆ ಟ್ಯೂಬ್‌ಲೈಟಿನ ಬಿಂಬ ಅಲ್ಲೇ ಡೊಂಕಾಗಿ ಕಾಣುತ್ತದೆ. ಒಂದು ಪೇಪರ್ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಆಗ ಹಿಂದಿನ ಗೆರೆ ಹೋಯಿತೋ ಇಲ್ಲವೋ ಗೊತ್ತಾಗುತ್ತದೆ. ಟಾರ್ಚ್ ಓರೆಯಾಗಿ ಹಿಡಿದರೆ ಉಳಿದದ್ದೆಲ್ಲ ಎದ್ದು ಕಾಣುತ್ತದೆ. ನಂಬರ್ ಹಾರಿಸಬಾರದು. ಪೇಪರ್ ಬದಲಿಸುವಾಗ ಕೆಸರನ್ನು ಪೂರ್ತಿ ತೊಳೆಯಬೇಕು, ಒರಟು ಹರಳು ಒಂದು ಉಳಿದರೂ ಹೊಸ ಗೀರು ಎಳೆಯುತ್ತದೆ. ಬೇಸಿನ್ನಿನ ತೂತಿಗೆ ಬಟ್ಟೆ ತುರುಕಿಟ್ಟು, ಕೆಸರನ್ನು ಬಾಚಿ ಬಕೆಟಿಗೆ ಹಾಕಿದೆ. ಪೈಪಿಗೆ ಹೋದರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಆಯಿ ಬಾಗಿಲಲ್ಲಿ ಇಣುಕಿ, "ಎಂತದೋ ತಮಾ ಇದು, ಬಚ್ಚಲೋ ಗದ್ದೆಯೋ?" ಅಂದಳು.

ಜಾಸ್ತಿ ಹೊತ್ತು ಹಿಡಿಯುವುದು 220. ಅಲ್ಲಿ ಅವಸರ ಮಾಡಿದರೆ ಮುಂದಿನ ಯಾವ ಪೇಪರೂ ಅದನ್ನು ಸರಿಮಾಡುವುದಿಲ್ಲ. 600 ಮುಗಿದಾಗ ಕಲ್ಲು ರೇಷ್ಮೆಯಂತೆ ಕೈಗೆ ಹತ್ತುತ್ತದೆ, 1000ದ ನಂತರ ಬೆಳಕು ಹಿಡಿಯುತ್ತದೆ.

ಅಂಚಿನಲ್ಲಿ ಚೂರು ಹಾರಿದ ಜಾಗಕ್ಕೆ ಅರಾಲ್ಡೈಟ್ ಅಂಟು. ಮೊದಲ ಸುತ್ತಿನ ಕೆಸರನ್ನೇ ಸ್ವಲ್ಪ ಒಣಗಿಸಿ ಅದರ ಹುಡಿ ಬೆರೆಸಿದೆ. ಒಣಗಿದ ಹುಡಿ ಬೂದಿ ಬಣ್ಣ, ಹಾಗಾಗಿ ನೆಲಕ್ಕೆ ಹಾಕುವ ಕಪ್ಪು ಆಕ್ಸೈಡ್ ಒಂದು ಚಿಟಿಕೆ ಸೇರಿಸಬೇಕು. ಅದು ಗಟ್ಟಿಯಾದ ಮೇಲೆ ಉಳಿದ ಪೇಪರುಗಳ ಕೆಲಸ.

ನಂತರ ಒಣಗಿಸುವುದು. ನಮ್ಮೂರ ಮಳೆಗಾಲದಲ್ಲಿ ಈ ಕೆಲಸ ಸುಮ್ನೆ ದಂಡ, ಕಲ್ಲೊಳಗಿನ ಪಸೆ ಆರುವುದೇ ಇಲ್ಲ. ದೀಪಾವಳಿ ಕಳೆದ ಮೇಲೆ ಹಿಡಿದದ್ದು ಅದಕ್ಕೇ. ರಾತ್ರಿಯಿಡೀ ಟೇಬಲ್ ಫ್ಯಾನ್ ಹಾಕಿಟ್ಟೆ. ಬೇಸಿನ್ ಸುತ್ತಲಿನ ಸಂದಿ ಮುಚ್ಚುವ, ಬೂಸ್ಟು ಹಿಡಿದ ಹಳೇ ಸಿಲಿಕಾನ್ ಕೆರೆದು ಹೊಸದು ಎಳೆದದ್ದು ಕೊನೆಗೆ ಕಲ್ಲಿಗೆ ಹಚ್ಚುವ ಎಣ್ಣೆಗಿಂತ ಮೊದಲೇ. ಎಣ್ಣೆ ಕುಡಿದ ಕಲ್ಲಿಗೆ ಸಿಲಿಕಾನ್ ಅಂಟುವುದಿಲ್ಲ.

ಎಣ್ಣೆ ಅಂದರೆ ಕೊಬ್ಬರಿ ಎಣ್ಣೆ ಅಲ್ಲ. ಅದು ಒಣಗುವುದಿಲ್ಲ, ಕಮಟು ವಾಸನೆ ಬರುತ್ತದೆ. ಪೇಂಟ್ ಅಂಗಡಿಯ ಅಗಸೆ ಎಣ್ಣೆ, ಅಂದರೆ ಲಿನ್ಸೀಡ್ ಆಯಿಲ್, ಒಣಗಿ ಗಟ್ಟಿಯಾಗುತ್ತದೆ. ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಉಳಿದದ್ದನ್ನು ಹಳೇ ಪಂಚೆಯ ತುಂಡಿನಿಂದ ಪೂರ್ತಿ ಒರೆಸಿದೆ. ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳಬಹುದು. ನೀರಲ್ಲಿ ಮುಳುಗಿಸಿ ಇಡಿ. ಎಣ್ಣೆ ಒಣಗಿದ ಮೇಲೆ ಜೇನುಮೇಣ ತಿಕ್ಕಿದೆ. ಶಿರಸಿ ಕಡೆ ಅದಕ್ಕೇನೂ ಬರವಿಲ್ಲ.

ಈಗ ಒರೆಸಲು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸಾಕು. ನೀರು ಮಣಿಯಾಗಿ ನಿಲ್ಲದೆ ಹರಡತೊಡಗಿದರೆ ಮತ್ತೊಮ್ಮೆ ಮೇಣ. ಲಿಂಬೆ ಹೋಳನ್ನು ಅಂಗಳದ ನಲ್ಲಿಯ ಹತ್ತಿರ ಸಾಗಿಸಿದ್ದೇವೆ.