ಚಪ್ಪಲಿ ಕಳಚಿದ್ದು ಗೊತ್ತಾಗಲಿಲ್ಲವೇ? ಪಾದದ ಸ್ಪರ್ಶ ಪರೀಕ್ಷಿಸಿಕೊಳ್ಳುವುದು ಹೀಗೆ

ನಡೆಯುವಾಗ ಹವಾಯಿ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಯಾರೋ ಕೂಗಿ ಹೇಳಿದಾಗಲೇ ಗೊತ್ತಾಗುವುದು. ಕೆಲವರಿಗೆ ನೆಲದ ಮೇಲೆ ಹತ್ತಿ ಹಾಸಿದಂತೆ ಅನ್ನಿಸುತ್ತದೆ. ಕೆಲವರಿಗೆ ರಾತ್ರಿ ಅಂಗಾಲು ಉರಿದು, ಹೊದಿಕೆ ತಾಗಿದರೂ ತಡೆಯಲಾಗುವುದಿಲ್ಲ. ಇನ್ನೆಷ್ಟೋ ಜನರಿಗೆ ಜೋಮೂ ಇಲ್ಲ, ಉರಿಯೂ ಇಲ್ಲ, ಸದ್ದಿಲ್ಲದೆ ಸ್ಪರ್ಶ ಹೋಗಿರುತ್ತದೆ. ಹೆಚ್ಚು ಚಿಂತೆ ಇವರದೇ. ಉರಿ ಇದ್ದವರು ವೈದ್ಯರನ್ನು ಹುಡುಕಿಕೊಂಡು ಹೋಗುತ್ತಾರೆ. ನೋವೇ ಇಲ್ಲದವರು ಹುಣ್ಣಿನ ಕೀವು ಸೋರಿ ಕಾಲುಚೀಲ ಒದ್ದೆಯಾದ ಮೇಲೆ ಹೋಗುತ್ತಾರೆ.

ನರ ಕೆಡುವ ಈ ತೊಂದರೆ ಪಾದದಿಂದಲೇ ಶುರುವಾಗಲು ಕಾರಣವಿದೆ. ಕಾಲ್ಬೆರಳಿನ ಸ್ಪರ್ಶವನ್ನು ಹೊತ್ತು ತರುವ ನರತಂತು ಸುಮಾರು 1 ಮೀಟರ್ ಉದ್ದ. ಅದನ್ನು ಸಾಕುವ ಜೀವಕೋಶ ಇರುವುದು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದಲ್ಲಿ. ಅಷ್ಟು ದೂರದಿಂದ ಪೋಷಣೆ ತುದಿಯವರೆಗೆ ಸಾಗಬೇಕು. ನಾಲೆಯಲ್ಲಿ ನೀರು ಕಡಿಮೆಯಾದರೆ ಕೊನೆಯ ಗದ್ದೆ ಮೊದಲು ಒಣಗುತ್ತದಲ್ಲ, ಹಾಗೆ. ಬೆರಳ ತುದಿಯಿಂದ ಮರಗಟ್ಟುವಿಕೆ ಮೇಲೇರುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಆರಂಭವಾಗುತ್ತದೆ. ಎರಡೂ ಕಾಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಒಂದೇ ಕಾಲು ಅಥವಾ ಒಂದೆರಡು ಕೈಬೆರಳು ಮಾತ್ರ ಜೋಮು ಹಿಡಿದರೆ ಬೆನ್ನಿನ ಡಿಸ್ಕ್, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವುದು ಮುಂತಾದ ಬೇರೆ ಕಾರಣ ಹುಡುಕಬೇಕು.

ಯಾರಿಗೆ ಅಪಾಯ ಹೆಚ್ಚು?

ಮೊದಲ ಸಾಲಿನಲ್ಲಿರುವುದು ಸಕ್ಕರೆ ಕಾಯಿಲೆ. ರಕ್ತದಲ್ಲಿ ಉಳಿದ ಹೆಚ್ಚುವರಿ ಸಕ್ಕರೆ ನರವನ್ನೂ, ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳನ್ನೂ ಹಾಳು ಮಾಡುತ್ತದೆ. ಕಾಯಿಲೆ ಬಂದು ಎಷ್ಟು ವರ್ಷವಾಯಿತು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಷ್ಟಿದೆ ಎಂಬ ಎರಡೂ ಮುಖ್ಯ. ಹೆಚ್ಚಿನವರಿಗೆ ಅದನ್ನು ಶೇ 7ರೊಳಗೆ ಇಡುವುದು ಗುರಿ. ಬೀಡಿ ಸಿಗರೇಟು, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬಿನ ಹೆಚ್ಚಳ, ಮೂತ್ರಪಿಂಡದ ತೊಂದರೆ ಜತೆಗೂಡಿದರೆ ಹಾನಿ ಬೇಗ. ಟೈಪ್ 2 ಇದ್ದವರು ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1 ಇದ್ದವರು 5 ವರ್ಷದ ನಂತರ, ವರ್ಷಕ್ಕೊಮ್ಮೆ ಪಾದ ತೋರಿಸಬೇಕು.

ಎರಡನೆಯದು ವಿಟಮಿನ್ ಬಿ12 ಕೊರತೆ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸರಿಪಡಿಸಬಹುದಾದ ಕಾರಣ ಇದು. ಸೊಪ್ಪು, ಕಾಳು, ರಾಗಿಯಲ್ಲಿ ಬಿ12 ಇಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ದಾರಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರುವುದೂ ಕಡಿಮೆಯಾಗುತ್ತದೆ. ಸಸ್ಯಾಹಾರಿಯಾಗಿದ್ದು ಮೆಟ್‌ಫಾರ್ಮಿನ್ ನುಂಗುತ್ತಿರುವವರ ಜೋಮನ್ನು ‘ಶುಗರ್‌ದೇ ಇರಬೇಕು’ ಎಂದು ಬಿಡುವುದು ತಪ್ಪು. ರಕ್ತ ಪರೀಕ್ಷೆಯಲ್ಲಿ ಬಿ12 ಪ್ರಮಾಣ 200 ಪಿಕೊಗ್ರಾಂಗಿಂತ (ಪ್ರತಿ ಮಿ.ಲೀ.ಗೆ) ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬಿ12 ಪರೀಕ್ಷೆ ಮಾಡಿಸಿ ಎಂದು ಕೇಳಿ. ರಕ್ತಹೀನತೆಗೆಂದು ಫೋಲಿಕ್ ಆಸಿಡ್ ಒಂದನ್ನೇ ತೆಗೆದುಕೊಂಡರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಒಳಗೇ ಮುಂದುವರಿಯುತ್ತದೆ.

ದಿನಾ ಕುಡಿಯುವವರಲ್ಲಿ ಮದ್ಯವೂ ನರವನ್ನು ಸುಡುತ್ತದೆ, ಊಟ ಬಿಟ್ಟು ಬಿ1 ಕೊರತೆಯೂ ಆಗುತ್ತದೆ. ಕ್ಷಯಕ್ಕೆ ಐಸೊನಿಯಾಜಿಡ್ ತೆಗೆದುಕೊಳ್ಳುವವರಿಗೆ ಜತೆಯಲ್ಲಿ ಬಿ6 ಕೊಡುವುದು ನರ ಕಾಪಾಡಲಿಕ್ಕೇ; ‘ಬರೀ ವಿಟಮಿನ್’ ಎಂದು ಬಿಡಬೇಡಿ. ಆದರೆ ಅದೇ ಬಿ6 ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇರಿದರೆ ನರ ಕೆಡುತ್ತದೆ. ‘ನರ ವೀಕ್’ ಎಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ. ಕ್ಯಾನ್ಸರ್‌ನ ವಿಂಕ್ರಿಸ್ಟಿನ್, ಸಿಸ್‌ಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಔಷಧಗಳಿಂದಲೂ ಜೋಮು ಬರುತ್ತದೆ. ಥೈರಾಯ್ಡ್ ಕೊರತೆಯೂ ಒಂದು ಕಾರಣ.

ಕುಷ್ಠ ರೋಗ ಇನ್ನೂ ಇದೆ. ಚರ್ಮದ ಮೇಲೆ ಬಿಳಿಚಿಕೊಂಡ ಅಥವಾ ಕೆಂಪಗಾದ ಮಚ್ಚೆ, ಅಲ್ಲಿ ಬಿಸಿ ತಣ್ಣಗೆ ತಿಳಿಯದಿರುವುದು ಅದರ ಗುರುತು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ, ಅವಧಿ 6 ಅಥವಾ 12 ತಿಂಗಳು. ಬೇಗ ಶುರು ಮಾಡಿದರೆ ನರ ಉಳಿಯುತ್ತದೆ.

ಮನೆಯಲ್ಲೇ ಎರಡು ನಿಮಿಷದ ಪರೀಕ್ಷೆ

ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ರೂಪುಗೊಂಡ ಈ ಪರೀಕ್ಷೆಗೆ ಉಪಕರಣ ಬೇಡ, ಮನೆಯವರ ತೋರುಬೆರಳು ಸಾಕು.

1. ಚಪ್ಪಲಿ, ಕಾಲುಚೀಲ ತೆಗೆದು ಕಾಲು ಚಾಚಿ ಮಲಗಿ. ಪರೀಕ್ಷಿಸುವವರು ಎರಡೂ ಕಾಲು ಮುಟ್ಟಿ ‘ಇದು ಬಲ, ಇದು ಎಡ’ ಎಂದು ಹೇಳಲಿ.

2. ಕಣ್ಣು ಮುಚ್ಚಿ. ಮುಗಿಯುವವರೆಗೆ ತೆರೆಯಬೇಡಿ.

3. ಮುಟ್ಟುವ ಕ್ರಮ: ಬಲಗಾಲಿನ ಹೆಬ್ಬೆರಳು, ಬಲಗಾಲಿನ ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಎಡಗಾಲಿನ ಕಿರುಬೆರಳು, ಬಲಗಾಲಿನ ನಡುಬೆರಳು, ಎಡಗಾಲಿನ ನಡುಬೆರಳು. ಬೆರಳ ತುದಿಗೆ ಹೂವು ತಾಗಿದಷ್ಟು ಹಗುರವಾಗಿ 1–2 ಸೆಕೆಂಡ್ ಮುಟ್ಟಬೇಕು.

4. ತಿಳಿದ ಕೂಡಲೇ ‘ಬಲ’ ಅಥವಾ ‘ಎಡ’ ಎನ್ನಿ. ತಿಳಿಯದಿದ್ದರೆ ಆ ಬೆರಳನ್ನು ಮತ್ತೆ ಮುಟ್ಟುವಂತಿಲ್ಲ, ‘ಇಲ್ಲ’ ಎಂದು ಬರೆದುಕೊಳ್ಳಬೇಕು.

ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳು ತಿಳಿಯದಿದ್ದರೆ ಸ್ಪರ್ಶ ಕುಂದಿದೆ ಎಂದರ್ಥ. ಬಹಳ ಜನ ತಪ್ಪುವುದು ಒಂದೇ ಕಡೆ: ಒತ್ತಿ ಅಥವಾ ಸವರಿ ಮುಟ್ಟುತ್ತಾರೆ. ಒತ್ತಿದರೆ ಬೇರೆ ನರತಂತುಗಳು ಉತ್ತರಿಸುತ್ತವೆ, ಕೆಟ್ಟ ಕಾಲೂ ಪಾಸಾಗುತ್ತದೆ. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಮತ್ತು 128 ಹರ್ಟ್ಸ್‌ನಲ್ಲಿ ಕಂಪಿಸುವ ಶ್ರುತಿಕವೆಯಿಂದ (ಟ್ಯೂನಿಂಗ್ ಫೋರ್ಕ್) ಇದನ್ನೇ ಖಚಿತಪಡಿಸುತ್ತಾರೆ.

ಸ್ಪರ್ಶ ಇಲ್ಲವೆಂದಾದರೆ

ನೋವು ಮಾಡುತ್ತಿದ್ದ ಕಾವಲನ್ನು ಇನ್ನು ಮುಂದೆ ಕಣ್ಣು, ಕೈ ಮಾಡಬೇಕು. ರಾತ್ರಿ ಮಲಗುವ ಮುನ್ನ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಬೆರಳ ಸಂದಿಯವರೆಗೆ ನೋಡಿ. ಹೆಬ್ಬೆರಳಿನ ಬುಡದಲ್ಲಿ ದಪ್ಪಗಾಗಿ ಹಳದಿಗಟ್ಟಿದ ಚರ್ಮ ಕಾಣುತ್ತದಲ್ಲ, ಅದರ ನಡುವೆ ಕಪ್ಪು ಅಥವಾ ಕಂದು ಚುಕ್ಕೆ ಇದೆಯೇ ಗಮನಿಸಿ. ಅದು ಕೊಳೆಯಲ್ಲ, ಒಳಗೆ ರಕ್ತ ಒಸರಿದ ಗುರುತು. ಕೆಳಗೆ ಹುಣ್ಣು ಆಗಲೇ ಇರಬಹುದು. ಬ್ಲೇಡಿನಿಂದ ಕೆರೆಯಬೇಡಿ. ಆಣಿಗೆ ಅಂಟಿಸುವ ಪಟ್ಟಿಯಲ್ಲಿರುವ ಆಮ್ಲ ಸ್ಪರ್ಶವಿಲ್ಲದ ಚರ್ಮವನ್ನು ಸುಡುತ್ತದೆ, ಅದೂ ಬೇಡ.

ಹಂಡೆಯ ನೀರಿಗೆ ಕಾಲಿಡುವ ಮೊದಲು ಮೊಣಕೈ ಅದ್ದಿ ನೋಡಿ. ಬೆಂಕಿ ಕಾಯಿಸುವುದು, ಬಿಸಿನೀರಿನ ಚೀಲ ಪಾದಕ್ಕೆ ಬೇಡವೇ ಬೇಡ. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈ ಹಾಕಿ ಮೊಳೆ, ಕಲ್ಲು ತಡಕಿ. ಮನೆಯೊಳಗೂ ಬರಿಗಾಲು ಬೇಡ. ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಒಂದು ಪ್ರದಕ್ಷಿಣೆಗೇ ಅಂಗಾಲು ಬೊಬ್ಬೆ ಬರುತ್ತದೆ, ಕಾಲುಚೀಲ ಅದನ್ನು ಪೂರ್ತಿ ತಡೆಯದು. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಹಚ್ಚಿ, ಬೆರಳ ಸಂದಿಗೆ ಬೇಡ; ಅಲ್ಲಿ ತೇವ ನಿಂತರೆ ಬಿರಿಯುತ್ತದೆ. ಹಿಂದೆ ಪಟ್ಟಿ ಇರುವ, ಎಂಸಿಆರ್ ಎಂಬ ಮೃದು ರಬ್ಬರಿನ ಚಪ್ಪಲಿ ಒಳ್ಳೆಯದು. ಕಾಲು ಊದಿಕೊಂಡಿರುವ ಸಂಜೆ ಹೊತ್ತಿನಲ್ಲಿ ಅಳತೆ ನೋಡಿ ಕೊಳ್ಳಿ.

ಗಾಯವಾದರೆ ಅರಿಸಿನ, ಕಾಫಿ ಪುಡಿ ತುಂಬದೆ ಶುದ್ಧ ನೀರಿನಲ್ಲಿ ತೊಳೆದು, ಗಾಜ್ ಬಟ್ಟೆ ಸುತ್ತಿ, 24 ಗಂಟೆಯೊಳಗೆ ತೋರಿಸಿ. ಗಾಯವೇ ಇಲ್ಲದೆ ಒಂದು ಪಾದ ಕೆಂಪಗೆ ಊದಿ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಅದು ಮೂಳೆ ಕುಸಿಯುವ ಶಾರ್ಕೊ ಪಾದ ಇರಬಹುದು. ಆರಂಭದ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ತಜ್ಞರು ನೋಡಿ ಹೇಳುವವರೆಗೆ ಆ ಕಾಲನ್ನು ಊರಬೇಡಿ, ನೋವಿಲ್ಲದಿದ್ದರೂ.